ನೀರಿಗೆ ಬಿದ್ದ ಬೀಗದ ಕೈ



ಪ್ರತಿ ವರ್ಷ ಈ ಸಂಚಿಕೆಯಲ್ಲಿ ಕೋಟೆಯ ಚರಿತ್ರೆ, ದೇವಸ್ಥಾನದ ಚರಿತ್ರೆ, ಯಕ್ಷಗಾನ ಮೇಳದ ಚರಿತ್ರೆ ಓದುತ್ತೇವೆ. ಈ ಸಲ ಸಂಪಾದಕರು ನನ್ನನ್ನೂ ಹಿಡಿದರು. "ಎಂತಾದರೂ ಒಂದು ಬರೆದು ಕೊಡಿ ಮಾರಾಯ್ರೆ" ಅಂದರು. ನಾನು ಓದಿದ್ದು ಐಟಿಐವರೆಗೆ. ಸನಾಯದ ಒಂದು ಆಟೋ ಇಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲಸ. ರಾಜ ಮಹಾರಾಜರ ಚರಿತ್ರೆ ನನಗೆ ಗೊತ್ತಿಲ್ಲ. ಆದರೆ ನಮ್ಮೆಲ್ಲರ ಕಿಸೆಯಲ್ಲೂ ಇರುವ ಒಂದು ವಸ್ತುವಿನ ಚರಿತ್ರೆ ಸ್ವಲ್ಪ ಗೊತ್ತುಂಟು. ಅದು ಗಾಡಿಯ ಕೀ. ಅದರಲ್ಲೂ ನೀರಿಗೆ ಬಿದ್ದ ಕೀ. ಈ ವಿಷಯಕ್ಕೂ ನಮ್ಮ ಸಹಮ್‌ಗೂ ಒಂದು ಸಂಬಂಧ ಉಂಟು. 2021ರ ಅಕ್ಟೋಬರ್ ತಿಂಗಳಲ್ಲಿ ಇಲ್ಲಿದ್ದವರು ಯಾರೂ ಅದನ್ನು ಮರೆಯುವುದಿಲ್ಲ.

ಶಾಹೀನ್ ಬಂದ ರಾತ್ರಿ

ಆ ಚಂಡಮಾರುತ ಹುಟ್ಟಿದ್ದು ನಮ್ಮ ಕಡೆಯಲ್ಲೇ. ಸೆಪ್ಟೆಂಬರ್ 26ರಂದು 'ಗುಲಾಬ್' ಎಂಬ ಹೆಸರಿನಲ್ಲಿ ಬಂಗಾಳ ಕೊಲ್ಲಿಯಿಂದ ಬಂದು ಆಂಧ್ರ, ಒಡಿಶಾದ ಕರಾವಳಿಗೆ ಬಡಿಯಿತು. ಅಲ್ಲಿಂದ ಇಡೀ ಭಾರತವನ್ನು ಅಡ್ಡಲಾಗಿ ದಾಟಿ, ಗುಜರಾತಿನ ಹತ್ತಿರ ಅರಬ್ಬಿ ಸಮುದ್ರಕ್ಕೆ ಇಳಿದು, ಮತ್ತೆ ಜೀವ ತಂದುಕೊಂಡಿತು. ಈ ಸಲ ಹೆಸರು 'ಶಾಹೀನ್', ಅಂದರೆ ಗಿಡುಗ. ಹೆಸರು ಕೊಟ್ಟಿದ್ದು ಕತಾರ್. ಒಮಾನಿಗೆ ಬರುವ ಚಂಡಮಾರುತಗಳು ಸಾಮಾನ್ಯವಾಗಿ ಸಲಾಲ, ಮಸೀರಾ, ಸೂರ್ ಕಡೆಗೆ ಹೊಡೆಯುತ್ತವೆ. 2007ರ ಗೋನು, 2010ರ ಫೆಟ್, 2018ರ ಮೆಕುನು ಎಲ್ಲ ಹಾಗೆಯೇ ಬಂದವು. ಶಾಹೀನ್ ಮಾತ್ರ ಒಮಾನ್ ಕೊಲ್ಲಿಯೊಳಗೆ ನುಗ್ಗಿ, ಅಕ್ಟೋಬರ್ 3ರ ಭಾನುವಾರ ರಾತ್ರಿ ಬಾತಿನಾ ಕರಾವಳಿಯಲ್ಲಿ ಮುಸನ್ನಾ, ಸುವೈಕ್ ಹತ್ತಿರ ನೆಲಕ್ಕೆ ಬಂತು. ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಈ ಕರಾವಳಿ ಇಂಥದ್ದನ್ನು ಕಂಡಿರಲಿಲ್ಲ. ಇದರ ಹಿಂದೆ ಅಂಥದ್ದು ಬಂದದ್ದು 1890ರಲ್ಲಿ ಎಂದು ದಾಖಲೆ ಹೇಳುತ್ತದೆ.

ನಮ್ಮ ಪಕ್ಕದ ಖಾಬೂರದಲ್ಲಿ 300 ಮಿಲಿಮೀಟರಿಗೂ ಹೆಚ್ಚು ಮಳೆ ಬಿತ್ತು. ಉಡುಪಿ, ಕುಂದಾಪುರದವರಿಗೆ ಈ ಲೆಕ್ಕ ದೊಡ್ಡದೆನಿಸದು. ಆಟಿ ತಿಂಗಳಲ್ಲಿ ಒಂದೆರಡು ದಿನ ಹೀಗೆ ಸುರಿದರೆ "ಇವತ್ತು ಮಳೆ ಜೋರು" ಅಂತ ಹೇಳಿ ಕೊಡೆ ಹಿಡಿದು ಪೇಟೆಗೆ ಹೋಗುತ್ತೇವೆ. ಆದರೆ ಇಲ್ಲಿ ಇಡೀ ವರ್ಷಕ್ಕೆ ಬೀಳುವುದೇ ಸುಮಾರು 100 ಮಿಲಿಮೀಟರ್. ನೆಲಕ್ಕೆ ನೀರು ಕುಡಿದು ಅಭ್ಯಾಸವಿಲ್ಲ. ಹಿಂದೆ ಹಜರ್ ಬೆಟ್ಟ, ಮುಂದೆ ಸಮುದ್ರ, ನಡುವೆ ನಾವು. ಬೆಟ್ಟದ ಮೇಲೆ ಬಿದ್ದ ನೀರೆಲ್ಲ ವಾದಿಗಳಲ್ಲಿ ಒಟ್ಟಾಗಿ ಒಂದೇ ಸಲ ಇಳಿಯಿತು. ಸುವೈಕ್, ಖಾಬೂರ, ಸಹಮ್‌ನ ಓಣಿಗಳಲ್ಲಿ ಸೊಂಟದ ಮಟ್ಟ ನೀರು, ಅದರ ಮೇಲೆ ಬಕಾಲದ ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರ್, ಸತ್ತ ಆಡುಗಳು. ಹತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು.

ಮರುದಿನದಿಂದ ದೇಶದ ಮೂಲೆಮೂಲೆಯಿಂದ ಒಮಾನಿಗಳು ಪೊರಕೆ, ಸಲಿಕೆ ಹಿಡಿದು ಬಂದರು. ಗುರುತಿಲ್ಲದವರ ಮನೆಯ ಕೆಸರು ತೆಗೆದರು. ನಮ್ಮ ಕ್ಯಾಂಪಿನ ಕೋಣೆಯನ್ನೂ ತೊಳೆದು ಕೊಟ್ಟರು. ಆ ಹುಡುಗರ ಮುಖ ನನಗೆ ಈಗಲೂ ನೆನಪುಂಟು.

ಅಂಗಡಿ ತೆರೆದ ದಿನದಿಂದ ಜನ ಕೀ ಹಿಡಿದು ಬರತೊಡಗಿದರು. ಗಾಡಿ ಹೇಗಿದೆ ಅಂತ ನೋಡುವ ಮೊದಲೇ ಕೀ. ಕೆಸರು ಮೆತ್ತಿದ ಕೀ, ಉಪ್ಪುನೀರು ಒಸರುವ ಕೀ, ದಿಶ್‌ದಾಶದ ಕಿಸೆಯಲ್ಲಿ ಎರಡು ದಿನ ಒದ್ದೆಯಾಗಿ ಕುಳಿತಿದ್ದ ಕೀ. ಒಂದು ಹಳೆಯ ಖರ್ಜೂರದ ಟ್ರೇಯಲ್ಲಿ ಅವನ್ನು ಸಾಲಾಗಿ ಇಟ್ಟೆ. ಒಂದೊಂದಕ್ಕೂ ಚೀಟಿ ಅಂಟಿಸಿದೆ. ಆ ಟ್ರೇ ನೋಡುತ್ತಾ ನಿಂತಾಗ ಮೊದಲ ಸಲ ಅನಿಸಿತು: ಇಷ್ಟು ಸಣ್ಣ ವಸ್ತುವಿನ ಮೇಲೆ ನಾವು ಇಷ್ಟೊಂದು ಭಾರ ಹೊರಿಸಿದ್ದು ಯಾವಾಗ?

ಕೈ ಅಂತ ಯಾಕೆ ಹೆಸರು?

ಕನ್ನಡದಲ್ಲಿ ಕೀಗೆ 'ಬೀಗದ ಕೈ' ಅನ್ನುತ್ತೇವೆ. ಉತ್ತರ ಕರ್ನಾಟಕದವರು 'ಕೀಲಿಕೈ' ಅನ್ನುತ್ತಾರೆ. ಬಾಗಿಲ ಒಳಗಿನ ಅಗುಳಿಯನ್ನು ಹೊರಗಿನಿಂದ ಸರಿಸಲು ನಮ್ಮ ಕೈ ಹೋಗುವುದಿಲ್ಲ. ಅದಕ್ಕೊಂದು ಕೈ ಬೇಕು. ಆ ಲೆಕ್ಕದಲ್ಲಿ ನೋಡಿದರೆ ಈ ಹೆಸರು ತುಂಬ ಚಂದ.

ಪುರಾತನ ಈಜಿಪ್ಟಿನ ಬೀಗಗಳು ಮರದವು. ಒಳಗೆ ಮರದ ಮೊಳೆಗಳು, ಅವನ್ನು ಎತ್ತಲು ಹಲ್ಲುಗಳಿದ್ದ ದೊಡ್ಡ ಮರದ ಕೈ. ಮರಕ್ಕೆ ನೀರು ತಾಗಿದರೆ ಉಬ್ಬುತ್ತದೆ, ಬೀಗ ಬಿಗಿದುಕೊಳ್ಳುತ್ತದೆ. ಅಂದರೆ ಬೀಗಕ್ಕೂ ನೀರಿಗೂ ಜಗಳ ಶುರುವಾಗಿ ಸಾವಿರಾರು ವರ್ಷ ಆಯಿತು. ಕಬ್ಬಿಣ ಬಂದ ಮೇಲೆ ತುಕ್ಕು ಬಂತು. ಹಿತ್ತಾಳೆ ಬಂದ ಮೇಲೆ ಸ್ವಲ್ಪ ನೆಮ್ಮದಿ. 1860ರ ದಶಕದಲ್ಲಿ ಅಮೆರಿಕದ ಲೈನಸ್ ಯೇಲ್ ಜೂನಿಯರ್ ಅದೇ ಈಜಿಪ್ಟಿನ ತತ್ವವನ್ನು ಸಣ್ಣ ಲೋಹದ ಪಿನ್ನುಗಳಲ್ಲಿ ಮಾಡಿ ತೋರಿಸಿದ. ಇವತ್ತು ನಮ್ಮ ಬೆರಳುದ್ದದ ಚಪ್ಪಟೆ ಕೀ ಅವನ ಕೊಡುಗೆ. ನಮ್ಮ ದೇಶದಲ್ಲಿ ಗೋದ್ರೇಜ್ ಕಂಪನಿ ಶುರುವಾದದ್ದೂ ಬೀಗದಿಂದಲೇ, 1897ರಲ್ಲಿ ಮುಂಬಯಿಯಲ್ಲಿ.

ಊರಿನಲ್ಲಿ ಮಳೆಗಾಲ ಶುರುವಾಗುವ ಮೊದಲು ಅಜ್ಜಿ ಬೀಗದ ತೂತಿಗೆ ಎರಡು ಹನಿ ತೆಂಗಿನೆಣ್ಣೆ ಬಿಡುತ್ತಿದ್ದರು. ನೀರನ್ನು ದೂರ ಇಡುವ ವಿದ್ಯೆ ಅಷ್ಟೇ. ಆ ಬೀಗದ ಕೈ ಒಮ್ಮೆ ಬಾವಿಗೆ ಬಿತ್ತು. ಪಾತಾಳ ಗರಡಿ ಹಾಕಿ ಮೂರನೆಯ ದಿನ ತೆಗೆದೆವು. ಸೀರೆಯ ಸೆರಗಿನಲ್ಲಿ ಒರೆಸಿ ಬೀಗಕ್ಕೆ ಹಾಕಿದರು, ತೆರೆಯಿತು. ಅಲ್ಲಿಗೆ ಕಥೆ ಮುಗಿಯಿತು.

ಗಾಡಿಗೆ ಕೀ ಬಂದದ್ದು

ಮೊದಲ ಕಾಲದ ಮೋಟಾರು ಗಾಡಿಗಳನ್ನು ಕೀ ತಿರುಗಿಸಿ ಚಾಲೂ ಮಾಡುತ್ತಿರಲಿಲ್ಲ. ಎದುರು ನಿಂತು ಹ್ಯಾಂಡಲ್ ಹೊಡೆಯಬೇಕು. ಎಂಜಿನ್ ತಿರುಗಿ ಹೊಡೆದರೆ ಕೈ ಮುರಿಯುತ್ತಿತ್ತು. ಮಂಗಳೂರಿನಲ್ಲಿ 1914ರಲ್ಲೇ ಸಿಪಿಸಿ ಕಂಪನಿಯ ಬಸ್ಸು ಓಡಾಟ ಶುರುವಾಗಿತ್ತು. ಹ್ಯಾಂಡಲ್ ಹೊಡೆಯುವುದು ಹಳೆಯ ಬಸ್ಸು, ಲಾರಿಗಳಲ್ಲಿ ಕ್ಲೀನರನ ಕೆಲಸವಾಗಿತ್ತು. 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಗಾಡಿಗೆ ಚಾರ್ಲ್ಸ್ ಕೆಟರಿಂಗ್ ಎಂಬವರು ಮಾಡಿದ ವಿದ್ಯುತ್ ಸ್ಟಾರ್ಟರ್ ಬಂತು. ಆಮೇಲೂ ಬಹಳ ಕಾಲ ಕೀ ಬೇರೆ, ಸ್ಟಾರ್ಟ್ ಮಾಡುವ ಗುಂಡಿ ಬೇರೆ ಇತ್ತು. ಒಂದೇ ಕೀಯನ್ನು ತಿರುಗಿಸಿದರೆ ಎಂಜಿನ್ ಚಾಲೂ ಆಗುವ ಏರ್ಪಾಟನ್ನು 1949ರಲ್ಲಿ ಕ್ರೈಸ್ಲರ್ ಕಂಪನಿ ತಂದಿತು.

ಒಮಾನಿನ ಕಥೆ ಇನ್ನೂ ಸ್ವಾರಸ್ಯ. ಹಳೆಯ ಮಸ್ಕತ್ ಕೋಟೆಗೋಡೆಯೊಳಗಿನ ಊರು. ಸೂರ್ಯ ಮುಳುಗಿ ಮೂರು ಗಂಟೆ ಆದ ಮೇಲೆ ಊರಿನ ಹೆಬ್ಬಾಗಿಲು ಮುಚ್ಚುತ್ತಿತ್ತು. ಆಮೇಲೆ ಬೀದಿಯಲ್ಲಿ ನಡೆಯುವವರು ಕೈಯಲ್ಲಿ ಲಾಟೀನು ಹಿಡಿಯಲೇಬೇಕು. ಅಂದರೆ ಇಡೀ ಊರಿಗೆ ಒಂದು ಬೀಗ! 1970ರ ಜುಲೈ 23ರಂದು ಸುಲ್ತಾನ್ ಕಾಬೂಸ್ ಅಧಿಕಾರಕ್ಕೆ ಬಂದಾಗ ದೇಶದಲ್ಲಿ ಡಾಂಬರು ರಸ್ತೆ ಇದ್ದದ್ದು ಸುಮಾರು 10 ಕಿಲೋಮೀಟರ್ ಮಾತ್ರ. ಹೆಬ್ಬಾಗಿಲು ತೆರೆಯಿತು, ರಸ್ತೆ ಬಂತು, ಬಾತಿನಾ ಹೆದ್ದಾರಿ ಬಂತು, ಅದರ ಮೇಲೆ ಗಾಡಿ ಓಡಿಸಲು, ರಿಪೇರಿ ಮಾಡಲು ನಾವೂ ಬಂದೆವು. ಭಟ್ಕಳ, ಕುಂದಾಪುರ, ಉಡುಪಿ, ಮಂಗಳೂರು, ಕಾಸರಗೋಡಿನ ಎಷ್ಟೋ ಮನೆಗಳ ಅನ್ನ ಈ ರಸ್ತೆಯ ಮೇಲೆ ಹುಟ್ಟಿದ್ದು.

ನಮ್ಮ ಹಿರಿಯರು ಇಲ್ಲಿ ಓಡಿಸಿದ ಪಿಕಪ್, ಲ್ಯಾಂಡ್ ಕ್ರೂಸರ್‌ಗಳ ಕೀ ಬರೀ ಲೋಹದ ತುಂಡು. ಊರಿನಲ್ಲಿ ಅಂಬಾಸಿಡರ್ ಕೀಯೂ ಹಾಗೆ, 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರ ಕೀಯೂ ಹಾಗೆ. ಸಮುದ್ರಕ್ಕೆ ಬಿದ್ದರೆ ಒರೆಸಿ ಹಾಕಿದರಾಯಿತು. ಕಳೆದರೆ ಪೇಟೆಯಲ್ಲಿ ಅರ ಹಿಡಿದು ಕೂತ ಕೀ ಮಾಡುವವನ ಹತ್ತಿರ ಹೋದರಾಯಿತು.

ಕೀ ಮಾತಾಡಲು ಶುರು ಮಾಡಿದ್ದು

ಕೀಯೊಳಗೆ ಬ್ಯಾಟರಿ ಬಂದದ್ದು ಫ್ರಾನ್ಸಿನಲ್ಲಿ. 1982ರಲ್ಲಿ ರೆನೋ ಫ್ಯೂಗೋ ಎಂಬ ಕಾರಿಗೆ ದೂರದಿಂದ ಬಾಗಿಲು ತೆರೆಯುವ ರಿಮೋಟ್ ಕೊಟ್ಟರು. ನಮ್ಮ ಟಿವಿ ರಿಮೋಟಿನ ಹಾಗೆ ಕಣ್ಣಿಗೆ ಕಾಣದ ಬೆಳಕಿನಲ್ಲಿ ಅದು ಕೆಲಸ ಮಾಡುತ್ತಿತ್ತು. ಮಾಡಿದವರು ಪೌಲ್ ಲಿಪ್‌ಶುಟ್ಸ್. ಅವರ ಹೆಸರಿನಿಂದಲೇ ಫ್ರೆಂಚರು ಅದಕ್ಕೆ 'ಪ್ಲಿಪ್' ಎಂದು ಹೆಸರಿಟ್ಟರು. ಆಮೇಲೆ ಬೆಳಕು ಹೋಗಿ ರೇಡಿಯೋ ತರಂಗ ಬಂತು. ಯುರೋಪಿನಲ್ಲಿ 433 ಮೆಗಾಹರ್ಟ್ಸ್, ಅಮೆರಿಕ ಮತ್ತು ಜಪಾನಿನಲ್ಲಿ 315 ಸಾಮಾನ್ಯ. ಕಳ್ಳರು ಆ ಸಂಕೇತವನ್ನು ಹಿಡಿದಿಟ್ಟು ಮತ್ತೆ ಬಳಸಬಾರದು ಅಂತ, ಪ್ರತಿ ಸಲ ಒತ್ತಿದಾಗಲೂ ಹೊಸ ಸಂಕೇತ ಹೋಗುವ ಉಪಾಯ ಮಾಡಿದರು.

1990ರ ದಶಕದಲ್ಲಿ ಯುರೋಪಿನಲ್ಲಿ ಗಾಡಿ ಕಳ್ಳತನ ವಿಪರೀತವಾಯಿತು. ವಿಮಾ ಕಂಪನಿಗಳು ಒತ್ತಾಯ ಮಾಡಿದವು. 1998ರ ಅಕ್ಟೋಬರಿನಿಂದ ಯುರೋಪಿನ ಎಲ್ಲ ಹೊಸ ಕಾರುಗಳಿಗೆ ಇಮ್ಮೊಬಿಲೈಸರ್ ಕಡ್ಡಾಯವಾಯಿತು. ಕೀಯ ತಲೆಯೊಳಗೆ ಒಂದು ಸಣ್ಣ ಚಿಪ್. ಇಗ್ನಿಷನ್ ಸುತ್ತ ಒಂದು ತಂತಿಯ ಸುರುಳಿ. ಚಿಪ್ಪಿನ ನಂಬರ್ ಸರಿಯಿದ್ದರೆ ಮಾತ್ರ ಎಂಜಿನ್ ಚಾಲೂ. ದಶಕದ ಕೊನೆಗೆ ಮರ್ಸಿಡಿಸ್ ಎಸ್-ಕ್ಲಾಸಿನಲ್ಲಿ ಕಿಸೆಯಿಂದ ಕೀ ತೆಗೆಯದೆಯೇ ಗಾಡಿ ಚಾಲೂ ಆಗುವ ಏರ್ಪಾಟು ಬಂತು. ಈಗ ಸಾಧಾರಣ ಗಾಡಿಯಲ್ಲೂ ಅದೇ.

ಹೀಗೆ ಅಜ್ಜಿಯ ಕಾಲದ 'ಕೈ'ಗೆ ಬಾಯಿ ಬಂತು, ನೆನಪು ಬಂತು. ಅದರ ಜೊತೆಗೆ ನೀರಿನ ಭಯವೂ ಬಂತು.

ನೀರು ಮಾಡುವುದೇನು?

ಕೀ ಬಿಚ್ಚಿ ನೋಡಿದರೆ ಒಳಗೆ ಇರುವುದು ಸ್ವಲ್ಪವೇ. ಒಂದು ಹಸಿರು ಬೋರ್ಡು, ಮೇಲೆ ಎರಡು ಮೂರು ಗುಂಡಿ, ಗುಂಡಿಯ ಮೇಲೆ ರಬ್ಬರು ಹೊದಿಕೆ, ಹೆಚ್ಚಿನವುಗಳಲ್ಲಿ ಒಂದು ಸಿಆರ್ 2032 ಬ್ಯಾಟರಿ. ಆ ಹೆಸರಿನಲ್ಲೇ ಅರ್ಥ ಉಂಟು: 20 ಅಂದರೆ ಅಡ್ಡಗಲ 20 ಮಿಲಿಮೀಟರ್, 32 ಅಂದರೆ ದಪ್ಪ 3.2 ಮಿಲಿಮೀಟರ್. ಶಕ್ತಿ 3 ವೋಲ್ಟ್.

ಬೋರ್ಡನ್ನು ಬರೀ ಶುದ್ಧ ನೀರು ಕೊಲ್ಲುವುದಿಲ್ಲ. ಕೊಲ್ಲುವುದು ನೀರು, ಉಪ್ಪು, ವಿದ್ಯುತ್ ಈ ಮೂರೂ ಸೇರಿದಾಗ. ಬ್ಯಾಟರಿ ಒಳಗಿದ್ದು ಉಪ್ಪುನೀರು ಹೊಕ್ಕರೆ ಕರೆಂಟು ಹೋಗಬಾರದ ದಾರಿಯಲ್ಲಿ ಹರಿಯುತ್ತದೆ. ತಾಮ್ರದ ಗೆರೆಗಳು ಕರಗುತ್ತವೆ, ಹಸಿರು ಬಣ್ಣದ ಕಿಲುಬು ಕಟ್ಟುತ್ತದೆ. ಮಳೆನೀರಿನಲ್ಲಿ ಉಪ್ಪು ಇಲ್ಲವೆಂದೇ ಹೇಳಬಹುದು. ನಮ್ಮ ಒಮಾನ್ ಕೊಲ್ಲಿಯ ನೀರಿನಲ್ಲಿ ಕಿಲೋಗೆ 36, 37 ಗ್ರಾಂ ಉಪ್ಪು ಉಂಟು. ಹಾಗಾಗಿ ಬಕೆಟ್ಟಿನ ನೀರಿಗೆ ಬಿದ್ದ ಕೀಗೂ, ಸಹಮ್ ಬೀಚಿನಲ್ಲಿ ಈಜುವಾಗ ಚಡ್ಡಿಯ ಕಿಸೆಯಲ್ಲಿದ್ದ ಕೀಗೂ ಅಜಗಜಾಂತರ.

ಇನ್ನು ಇಮ್ಮೊಬಿಲೈಸರ್ ಚಿಪ್. ಅದು ಸಾಮಾನ್ಯವಾಗಿ ಗಾಜಿನ ಸಣ್ಣ ಕೊಳವೆಯಲ್ಲೋ ಗಟ್ಟಿ ಅಂಟಿನ ಒಳಗೋ ಪೂರ್ತಿ ಮುಚ್ಚಿರುತ್ತದೆ. ಅದಕ್ಕೆ ಬ್ಯಾಟರಿಯೇ ಬೇಡ. ಇಗ್ನಿಷನ್ ಸುತ್ತಲಿನ ಸುರುಳಿಯಿಂದಲೇ ಶಕ್ತಿ ಪಡೆದು ಉತ್ತರ ಕೊಡುತ್ತದೆ. ಇಲ್ಲಿ ಓಟದ ಒಂಟೆಗಳ ಚರ್ಮದಡಿಗೆ ಚಿಪ್ ಹಾಕುತ್ತಾರಲ್ಲ, ಅದೇ ಜಾತಿಯದ್ದು. ಒಂಟೆಯ ಮೈಯೊಳಗೆ ವರ್ಷಗಟ್ಟಲೆ ಬಾಳುವ ವಸ್ತು ವಾಷಿಂಗ್ ಮೆಷಿನ್ನಿಗೆ ಹೆದರುತ್ತದೆಯೇ? ಆದ್ದರಿಂದ ಎಷ್ಟೋ ಸಲ ರಿಮೋಟ್ ಸತ್ತರೂ ಗಾಡಿ ಚಾಲೂ ಆಗುತ್ತದೆ. ಬಟನ್ ಒತ್ತಿ ಚಾಲೂ ಮಾಡುವ ಗಾಡಿಯಲ್ಲೂ ಬ್ಯಾಟರಿ ಸತ್ತ ಕೀಯನ್ನು ಸ್ಟಾರ್ಟ್ ಬಟನ್ನಿಗೆ ತಾಗಿಸಿ ಹಿಡಿದರೆ ಹಲವು ಮಾಡೆಲ್‌ಗಳಲ್ಲಿ ಕೆಲಸವಾಗುತ್ತದೆ. ಹೆಚ್ಚಿನ ಸ್ಮಾರ್ಟ್ ಕೀಯ ಹೊಟ್ಟೆಯೊಳಗೆ ಒಂದು ಲೋಹದ ಕೀ ಅಡಗಿರುತ್ತದೆ, ಬಾಗಿಲು ತೆರೆಯಲು. ಅಜ್ಜಿಯ ಬೀಗದ ಕೈ ಇನ್ನೂ ಸತ್ತಿಲ್ಲ, ಒಳಗೆ ಕೂತಿದೆ ಅಷ್ಟೇ.

ಟ್ರೇಯ ಕಥೆ

ಶಾಹೀನ್ ಆದ ನಾಲ್ಕನೆಯ ದಿನ ಕುಂದಾಪುರ ಕಡೆಯ ಒಬ್ಬ ಹುಡುಗ ಬಂದ. ಇಲ್ಲಿಗೆ ಬಂದು ವರ್ಷ ಆಗಿರಲಿಲ್ಲ. ಒಂದು ಕಂಪನಿಯಲ್ಲಿ ಡ್ರೈವರ್. ಆ ರಾತ್ರಿ ಕ್ಯಾಂಪಿಗೆ ನೀರು ನುಗ್ಗಿದಾಗ ಪಾಸ್‌ಪೋರ್ಟ್ ಪ್ರತಿ, ಮೊಬೈಲ್ ತಲೆಯ ಮೇಲೆ ಹಿಡಿದು ಮಹಡಿ ಹತ್ತಿದ್ದ. ಕೀ ಪ್ಯಾಂಟಿನ ಕಿಸೆಯಲ್ಲೇ ಇತ್ತು. ಗಾಡಿ ಎತ್ತರದ ಜಾಗದಲ್ಲಿ ನಿಂತಿದ್ದರಿಂದ ಉಳಿದಿತ್ತು.

"ಅಣ್ಣ, ಇದೊಂದು ಸರಿ ಮಾಡಿ ಕೊಡಿ. ಹೊಸ ಕೀ ಹಾಕಿಸಿದ್ರೆ ಸಂಬಳದಲ್ಲಿ ಹಿಡೀತಾರಂತೆ. ವೀಸಾಕ್ಕೆ ಮಾಡಿದ ಸಾಲವೇ ಇನ್ನೂ ತೀರ್ಲಿಲ್ಲ."

"ನೀರಿಂದ ತೆಗೆದ ಮೇಲೆ ಏನು ಮಾಡಿದೆ?"

"ಒತ್ತಿ ಒತ್ತಿ ನೋಡ್ದೆ. ಆಮೇಲೆ ಅಕ್ಕಿ ಡಬ್ಬಿಯಲ್ಲಿ ಹಾಕಿಟ್ಟೆ. ಯೂಟ್ಯೂಬಿನಲ್ಲಿ ಹಾಗೇ ಹೇಳಿದ್ರು."

"ಯಾವ ಅಕ್ಕಿ?"

"ಕುಚ್ಚಲಕ್ಕಿ."

ನನಗೆ ನಗುವೂ ಬಂತು, ಸಂಕಟವೂ ಆಯಿತು. ಬಿಚ್ಚಿದೆ. ಒಳಗೆ ನುಣ್ಣಗಿನ ಕೆಸರು, ಅದರ ನಡುವೆ ಅಕ್ಕಿಯ ತವುಡು. ಬ್ಯಾಟರಿಯ ಅಂಚಿನಲ್ಲಿ ಹಸಿರು ಕಿಲುಬು ಶುರುವಾಗಿತ್ತು. ಬ್ಯಾಟರಿ ಎಸೆದೆ. ಬೋರ್ಡನ್ನು ಕುಡಿಯುವ ನೀರಿನಲ್ಲಿ ತೊಳೆದೆ. "ಅಯ್ಯೋ ಅಣ್ಣ, ಮತ್ತೆ ನೀರು ಹಾಕ್ತೀರಲ್ಲ!" ಅಂತ ಹುಡುಗ ಕೂಗಿದ. ಕೆಸರು, ಉಪ್ಪು ತೆಗೆಯಲು ನೀರೇ ಬೇಕು ಅಂತ ಹೇಳಿದೆ. ಆಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಮೆಲ್ಲಗೆ ತಿಕ್ಕಿದೆ. ಫ್ಯಾನಿನ ಕೆಳಗೆ ಒಂದು ದಿನ ಇಟ್ಟೆ. ಮರುದಿನ ಸಂಜೆ ಹೊಸ ಬ್ಯಾಟರಿ ಹಾಕಿದೆ. ಕೆಂಪು ದೀಪ ಮಿನುಗಿತು. ಅವನು ರಸ್ತೆಯಾಚೆ ನಿಲ್ಲಿಸಿದ್ದ ಗಾಡಿ 'ಟಿಕ್' ಅಂದಿತು. ಹುಡುಗ ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟ. ಎಷ್ಟಾಯಿತು ಅಂತ ಕೇಳಿದ. ಬ್ಯಾಟರಿಯ ದುಡ್ಡು ಮಾತ್ರ ತೆಗೆದುಕೊಂಡೆ.

ಆ ಟ್ರೇಯ ಎಲ್ಲ ಕೀಗಳೂ ಹೀಗೆ ಬದುಕಲಿಲ್ಲ. ನಾನು ಕಂಡದ್ದು ಇಷ್ಟು. ಮಳೆನೀರಿಗೆ, ವಾದಿಯ ನೀರಿಗೆ ಸಿಕ್ಕಿ, ಬೇಗ ಬ್ಯಾಟರಿ ತೆಗೆದವು ಹೆಚ್ಚಿನವು ಬದುಕಿದವು. ಸಮುದ್ರದ ನೀರು ಕುಡಿದು ವಾರ ಕಳೆದು ಬಂದವು ಹೆಚ್ಚಿನವು ಸತ್ತವು. ಕೀ ಬೇಗ ಒಣಗಲಿ ಅಂತ ಗಾಡಿಯ ಡ್ಯಾಶ್‌ಬೋರ್ಡಿನ ಮೇಲೆ ಬಿಸಿಲಿಗೆ ಇಟ್ಟವರ ಕೀಗಳು ಪ್ಲಾಸ್ಟಿಕ್ ಬಾಗಿ ಬಂದವು. ಇಲ್ಲಿನ ಬಿಸಿಲಿನಲ್ಲಿ ಮುಚ್ಚಿದ ಗಾಡಿಯ ಡ್ಯಾಶ್‌ಬೋರ್ಡು 70 ಡಿಗ್ರಿ ದಾಟುತ್ತದೆ. ಅದು ಒಲೆಯೇ ಸರಿ.

ಚಂಡಮಾರುತ ಇಲ್ಲದ ದಿನಗಳಲ್ಲಿ ನೀರಿಗೆ ಬಿದ್ದ ಕೀಗಳು ಬರುವುದು ಲಾಂಡ್ರಿಯಿಂದ. ಬಟ್ಟೆಯ ಕಿಸೆ ನೋಡದೆ ಮೆಷಿನ್ನಿಗೆ ಹಾಕಿದ್ದಕ್ಕೆ ಲಾಂಡ್ರಿಯ ಹುಡುಗ ಬೈಸಿಕೊಳ್ಳುತ್ತಾನೆ. ಕಿಸೆ ಖಾಲಿ ಮಾಡದೆ ಕೊಟ್ಟವರಿಗೆ ಬೈಯುವವರಿಲ್ಲ. ಸೋಪಿನ ನೀರಿನ ಕೀಯೂ ಬ್ಯಾಟರಿ ತೆಗೆದು ತೊಳೆದು ಒಣಗಿಸಿದರೆ ಬಹಳಷ್ಟು ಸಲ ಬದುಕುತ್ತದೆ. ಹಾಗಾಗಿ ಲಾಂಡ್ರಿಯಲ್ಲಿರುವ ನಮ್ಮ ತಮ್ಮಂದಿರು ಹೆದರಿ ಕೀಯನ್ನು ಅಡಗಿಸಿಡಬೇಡಿ. ಆ ಗಂಟೆಯೇ ತನ್ನಿ. ಅಡಗಿಸಿಟ್ಟ ಒಂದೊಂದು ದಿನವೂ ಕಿಲುಬಿಗೆ ಊಟ.

ಕೇಳುವವರಿಗೆಲ್ಲ ನಾನು ಹೇಳುವ ಮಾತು ಇಷ್ಟೇ. ಒದ್ದೆ ಕೀಯ ಬಟನ್ ಒತ್ತಬೇಡಿ. ಮೊದಲು ಬ್ಯಾಟರಿ ತೆಗೆಯಿರಿ. ಉಪ್ಪುನೀರೋ ಕೆಸರೋ ಆದರೆ ಶುದ್ಧ ನೀರಿನಲ್ಲಿ ತೊಳೆಯಿರಿ. ಒರೆಸಿ, ಬಿಚ್ಚಿಟ್ಟು, ನೆರಳಿನಲ್ಲಿ ಗಾಳಿಗೆ ಒಂದೆರಡು ದಿನ ಇಡಿ. ಆಮೇಲೆ ಹೊಸ ಬ್ಯಾಟರಿ ಹಾಕಿ. ಅಕ್ಕಿಯನ್ನು ಊಟಕ್ಕೆ ಇಟ್ಟುಕೊಳ್ಳಿ. ಒದ್ದೆಯಾದ ಫೋನನ್ನು ಅಕ್ಕಿಯಲ್ಲಿ ಹಾಕಬೇಡಿ ಅಂತ 2024ರಲ್ಲಿ ಆಪಲ್ ಕಂಪನಿಯೇ ಹೇಳಿದೆ. ಫೋನಿಗೆ ಆಗದ್ದು ಕೀಗೂ ಆಗದು.

ಕೀ ಉಳಿದರೆ ಸಾಕೇ?

ಚರಿತ್ರೆ ಬರೆಯುವಾಗ ಇದನ್ನೂ ಬರೆಯಬೇಕು. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು. ಆ ದಿನ ಸತ್ತವರಲ್ಲಿ ತಮ್ಮ ಕಾರಿನೊಳಗೇ ಸಿಕ್ಕಿಬಿದ್ದವರೂ ಇದ್ದರು. ವಿದ್ಯುತ್ತಿನ ಬೀಗ, ವಿದ್ಯುತ್ತಿನ ಕಿಟಕಿ. ನೀರು ಏರಿದಾಗ ಕೆಲಸ ನಿಲ್ಲಿಸಿದವು. ಹೊರಗಿನ ನೀರಿನ ಒತ್ತಡಕ್ಕೆ ಬಾಗಿಲು ತೆರೆಯಲಿಲ್ಲ. ಅದಾದ ಮೇಲೆ ಎಷ್ಟೋ ಜನ ಗಾಡಿಯಲ್ಲಿ ಗಾಜು ಒಡೆಯುವ ಸಣ್ಣ ಸುತ್ತಿಗೆ ಇಟ್ಟುಕೊಳ್ಳತೊಡಗಿದರು. ಕಳ್ಳನನ್ನು ಹೊರಗಿಡಲು ಮಾಡಿದ ಬೀಗ ಮಾಲೀಕನನ್ನೇ ಒಳಗಿಟ್ಟಿತು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ ಕೋಟಿ ಬೆಲೆಯ ಕಾರುಗಳು ನೀರಿನಲ್ಲಿ ಮುಳುಗಿ ನಿಂತದ್ದನ್ನು ನಾವೆಲ್ಲ ಫೋನಿನಲ್ಲಿ ನೋಡಿದೆವು. ಅಲ್ಲಿ ಹೋದದ್ದು ದುಡ್ಡು. ಇಲ್ಲಿ ವಾದಿಯಲ್ಲಿ ಹೋಗುವುದು ಪ್ರಾಣ.

ಒಮಾನಿನಲ್ಲಿ ನೀರು ಹರಿಯುವಾಗ ವಾದಿ ದಾಟುವುದು ಅಪರಾಧ. ಆದರೂ "ಟ್ರಿಪ್ ತಪ್ಪಿದರೆ ಮುದೀರ್ ಬೈತಾರೆ" ಅಂತ ನಮ್ಮವರೇ ಇಳಿಸುತ್ತಾರೆ. ಮೊಣಕಾಲು ಮಟ್ಟದ ಹರಿವ ನೀರು ಸಾಕು ಗಾಡಿಯನ್ನು ಎತ್ತಲು. ಮುಳುಗಿದ ಗಾಡಿಯ ಕೀ ಸರಿಯಿದೆ ಅಂತ ಚಾಲೂ ಮಾಡಲೂ ಹೋಗಬೇಡಿ. ಎಂಜಿನ್ ಒಳಗೆ ನೀರಿದ್ದರೆ ಪಿಸ್ಟನ್ ಅದನ್ನು ಒತ್ತಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಶಾಹೀನ್ ಆದ ಮೇಲೆ ಹಾಗೆ ಹಾಳಾದ ಎಂಜಿನ್‌ಗಳನ್ನು ಸನಾಯದಲ್ಲಿ ಸಾಲುಸಾಲಾಗಿ ನೋಡಿದ್ದೇನೆ.

ಕೊನೆಗೆ ಒಬ್ಬರ ಕಥೆ ಹೇಳಿ ಮುಗಿಸುತ್ತೇನೆ. ಭಟ್ಕಳ ಕಡೆಯ ಒಬ್ಬರು ಕಾಕ, ಇಪ್ಪತ್ತು ವರ್ಷದಿಂದ ಇಲ್ಲಿ ಮೀನಿನ ಪಿಕಪ್ ಓಡಿಸಿದವರು. ಆ ಭಾನುವಾರ ಸಂಜೆ ಖಾಬೂರ ಕಡೆಯಿಂದ ಬರುವಾಗ ಎದುರು ವಾದಿ ಇಳಿಯಿತು. ಹಿಂದೆ ತಿರುಗಿಸಲು ನೋಡಿದರು, ಹಿಂದೆಯೂ ನೀರು. ಪಿಕಪ್ ಬಿಟ್ಟು, ಕೀ ಮಾತ್ರ ಕಿಸೆಗೆ ಹಾಕಿ, ಹತ್ತಿರದ ಒಂದು ಮನೆಯ ಛಾವಣಿ ಹತ್ತಿದರು. ಆ ಮನೆಯ ಒಮಾನಿ ಕುಟುಂಬವೂ ಅಲ್ಲೇ ಇತ್ತು. ರಾತ್ರಿಯಿಡೀ ಒಂದೇ ಟಾರ್ಪಾಲಿನ ಕೆಳಗೆ ಎಲ್ಲರೂ ಕುಳಿತರು. ಮನೆಯ ಅಜ್ಜಿ ಖರ್ಜೂರ ಕೊಟ್ಟರಂತೆ. ಬೆಳಗಾದಾಗ ಪಿಕಪ್ ಇರಲಿಲ್ಲ. ಎರಡು ದಿನದ ಮೇಲೆ ಸಮುದ್ರದ ಬದಿಯಲ್ಲಿ ಮಗುಚಿ ಬಿದ್ದಿತ್ತು.

ಕಾಕ ಹೆದರುತ್ತಲೇ ಅರ್ಬಾಬಿನ ಹತ್ತಿರ ಹೋದರು. ಕೀಯನ್ನು ಅವರ ಕೈಯಲ್ಲಿಟ್ಟು ತಲೆ ತಗ್ಗಿಸಿ ನಿಂತರು. ಅರ್ಬಾಬ್ ಕೀಯನ್ನು ನೋಡಲೇ ಇಲ್ಲವಂತೆ. "ಸಯ್ಯಾರ ಬರ್ತದೆ, ನೀನು ಬರ್ತೀಯಾ? ಅಲ್‌ಹಮ್ದುಲಿಲ್ಲಾ" ಅಂದರಂತೆ. ಕೀಯನ್ನು ಹಿಂದಕ್ಕೆ ಕೊಟ್ಟರು.

ಕಾಕ ಆ ಕೀಯನ್ನು ನನ್ನ ಹತ್ತಿರ ತಂದರು. "ಸರಿ ಮಾಡಿ ಕೊಡು ಮಗಾ" ಅಂದರು. "ಕಾಕ, ಗಾಡಿಯೇ ಇಲ್ಲವಲ್ಲ, ಯಾವುದಕ್ಕೆ?" ಅಂದೆ. "ಇರಲಿ, ನೀನು ಮಾಡು" ಅಂದರು. ತೊಳೆದೆ, ಒಣಗಿಸಿದೆ, ಬ್ಯಾಟರಿ ಹಾಕಿದೆ. ಒತ್ತಿದಾಗ ಕೆಂಪು ದೀಪ ಹತ್ತಿತು. ತೆರೆಯಲು ಬಾಗಿಲು ಎಲ್ಲೂ ಇಲ್ಲ.

ಮರುವರ್ಷ ಕಾಕ ಊರಿಗೆ ಹೋಗಿಬಿಟ್ಟರು. ಹೋಗುವಾಗ ಆ ಕೀ ಅವರ ಸೂಟ್‌ಕೇಸಿನಲ್ಲಿತ್ತು. ಮೊನ್ನೆ ಫೋನ್ ಮಾಡಿದಾಗ ಕೇಳಿದೆ. ಮೊಮ್ಮಗ ಅದನ್ನು ಆಟಕ್ಕೆ ಇಟ್ಟುಕೊಂಡಿದ್ದಾನಂತೆ. "ದೀಪ ಇನ್ನೂ ಹತ್ತುತ್ತದಾ ಕಾಕ?" ಅಂತ ಕೇಳಿದೆ.

"ಹತ್ತುತ್ತದೆ ಮಗಾ. ಅದು ಹತ್ತಿದಾಗೆಲ್ಲ ನಾನು ಇಳಿದು ಬಂದದ್ದು ನೆನಪಾಗ್ತದೆ" ಅಂದರು.

ಮಳೆ ಬಂದಾಗ, ವಾದಿ ತುಂಬಿದಾಗ, ನೀವೂ ಇಳಿದುಬಿಡಿ. ಕೀ ಒದ್ದೆಯಾದರೆ ನನ್ನ ಅಂಗಡಿಗೆ ತನ್ನಿ. ಉಳಿದದ್ದು ಆಮೇಲೆ ನೋಡಿಕೊಳ್ಳೋಣ.